ಅಂಗೈಯಗಲದ ಅಡುಗೆಮನೆ: ಆಟದ ಸಾಮಾನೋ, ಸಂಗ್ರಹದ ವಸ್ತುವೋ?

ಪ್ರಶ್ನೆ: ನಾನು ಸಾಗರ ತಾಲ್ಲೂಕಿನ ಒಂದು ಹಳ್ಳಿಯವಳು. ಮೊದಲು ಶಾಲೆಯಲ್ಲಿ ಚಿತ್ರಕಲಾ ಶಿಕ್ಷಕಿಯಾಗಿದ್ದೆ. ಮೂರು ವರ್ಷಗಳಿಂದ ಮಲೆನಾಡಿನ ಹಳೆಯ ಅಡುಗೆಮನೆಯ ಪುಟಾಣಿ ಸಾಮಾನುಗಳನ್ನು ಪಾಲಿಮರ್ ಕ್ಲೇ (ಓವನ್ನಿನಲ್ಲಿ ಬೇಯಿಸಿ ಗಟ್ಟಿ ಮಾಡುವ ಮಣ್ಣಿನಂಥ ವಸ್ತು), ಮರ ಮತ್ತು ಬಿದಿರಿನಲ್ಲಿ ಮಾಡಿ ಇನ್‌ಸ್ಟಾಗ್ರಾಂನಲ್ಲಿ ಮಾರುತ್ತಿದ್ದೇನೆ. ಒಲೆ, ಒರಳು, ಬೀಸುಕಲ್ಲು, ಮೆಟ್ಟುಗತ್ತಿ, ಹಂಡೆ, ಕಡೆಗೋಲು, ಗೆರಸೆ, ರಾಗಿ ತುಂಬಿದ ಕುಡಿಕೆ ಎಲ್ಲ ಸೇರಿ ಹನ್ನೆರಡು ಸಾಮಾನುಗಳ ಸೆಟ್ಟಿಗೆ ಕೊರಿಯರ್ ಸಮೇತ 1,200 ರೂಪಾಯಿ. ದಸರಾಕ್ಕೆ ಮುಂಚಿನ ಎರಡು ತಿಂಗಳು ನಿದ್ದೆಯಿಲ್ಲ, ಆಮೇಲೆ ಆರು ತಿಂಗಳು ಕೇಳುವವರಿಲ್ಲ. ಇಷ್ಟು ದುಡಿದರೂ ಕೈಯಲ್ಲಿ ಏನೂ ಉಳಿಯುತ್ತಿಲ್ಲ. ಹತ್ತು ಸೆಟ್ಟು ಕಳುಹಿಸಿದರೆ ಒಂದರಲ್ಲಿ ಏನಾದರೂ ಮುರಿದಿರುತ್ತದೆ, ಎಲ್ಲ ಕೊರಿಯರಿನವರ ಕೆಲಸ. ಕರ್ನಾಟಕದ ಹೊರಗೆ ಒಂದು ರೂಪಾಯಿಯ ವ್ಯಾಪಾರ ಮಾಡಿದರೂ ಜಿಎಸ್‌ಟಿ ಬೇಕು, ಇಲ್ಲದಿದ್ದರೆ ದಂಡ ಎಂದು ನಮ್ಮ ಭಾವ ಹೆದರಿಸುತ್ತಾರೆ. ಐಎಸ್‌ಐ ಗುರುತಿಲ್ಲದೆ ಆಟಿಕೆ ಮಾರುವುದು ಅಪರಾಧ ಎಂದು ಇನ್ನೊಬ್ಬರು ಹೇಳಿದರು. ನನ್ನ ಒರಳನ್ನೇ ಅಚ್ಚು ತೆಗೆದಂತಿರುವ ರೆಸಿನ್ (ಅಚ್ಚಿಗೆ ಹೊಯ್ದರೆ ಗಟ್ಟಿಯಾಗುವ ಪ್ಲಾಸ್ಟಿಕ್ ದ್ರವ) ಒರಳನ್ನು ಯಾರೋ 99 ರೂಪಾಯಿಗೆ ಮಾರುತ್ತಿದ್ದಾರೆ, ನನ್ನದೇ ಫೋಟೊ ಹಾಕಿ. ಅಮೆರಿಕದಲ್ಲಿರುವ ಇಬ್ಬರು ಸೆಟ್ಟು ಕೇಳಿದ್ದಾರೆ. ಅಲ್ಲಿ ಹತ್ತು ಪಟ್ಟು ಬೆಲೆ ಸಿಗುತ್ತದಂತೆ, ನಿಜವೇ? ಕೊನೆಯದಾಗಿ, ಬೆಂಗಳೂರಿನ ಒಬ್ಬರು ಒಡೆದ ಒರಳಿಗೆ ಹಣ ವಾಪಸ್ ಕೇಳುತ್ತಿದ್ದಾರೆ. ‘ಹಣ ಹಿಂತಿರುಗಿಸುವುದಿಲ್ಲ’ ಎಂದು ನನ್ನ ಪುಟದಲ್ಲಿ ಮೊದಲೇ ಬರೆದಿದ್ದೇನೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದೊಂದಿಗೆ ಬಂದ ಫೋಟೊಗಳನ್ನು ಬಹಳ ಹೊತ್ತು ನೋಡಿದೆ. ಒಲೆಯ ಬಾಯಿಗೆ ಹಿಡಿದ ಮಸಿಯನ್ನೂ ಮೆಟ್ಟುಗತ್ತಿಯ ಮಣೆ ಕೂತು ಕೂತು ಸವೆದಿರುವುದನ್ನೂ ಹಾಗೆ ತೋರಿಸಬಲ್ಲವರಿಗೆ ಕೈಗುಣದ ಬಗ್ಗೆ ನಾನು ಹೇಳಬೇಕಾದುದೇನೂ ಇಲ್ಲ. ಸಣ್ಣ ಕರಕುಶಲ ಘಟಕಗಳ ಲೆಕ್ಕಪತ್ರ ಮತ್ತು ಮಾರಾಟ ನೋಡುವುದು ನನ್ನ ಕಸುಬಾದ್ದರಿಂದ ಆ ದೃಷ್ಟಿಯಿಂದಲೇ ಉತ್ತರಿಸುತ್ತೇನೆ. ನೀವು ಹಲವು ಪ್ರಶ್ನೆ ಕೇಳಿದ್ದೀರಿ. ನನಗೆ ಅವುಗಳ ಬುಡದಲ್ಲಿ ಕಾಣುವುದು ನೀವು ಕೇಳದೆ ಬಿಟ್ಟ ಇನ್ನೊಂದು ಪ್ರಶ್ನೆ: ನೀವು ಮಾಡುತ್ತಿರುವುದು ಮಕ್ಕಳ ಆಟದ ಸಾಮಾನೋ, ದೊಡ್ಡವರು ಗಾಜಿನ ಕಪಾಟಿನಲ್ಲಿ ಇಟ್ಟುಕೊಳ್ಳುವ ಸಂಗ್ರಹದ ವಸ್ತುವೋ? ಬೆಲೆ, ಕಾನೂನು, ಪ್ಯಾಕಿಂಗ್, ಗಿರಾಕಿ ಯಾರೆಂಬುದು, ಇವೆಲ್ಲವೂ ಆ ಒಂದು ತೀರ್ಮಾನವನ್ನು ಅವಲಂಬಿಸಿವೆ. ಸದ್ಯ ನೀವು ಸಂಗ್ರಹದ ವಸ್ತುವಿಗೆ ಬೇಕಾದ ಶ್ರಮ ಹಾಕಿ ಆಟದ ಸಾಮಾನಿನ ಬೆಲೆ ಕೇಳುತ್ತಿದ್ದೀರಿ.

ಗೊಂಬೆಮನೆ ಎಂದರೆ ಮಕ್ಕಳದ್ದು ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ, ಆದರೆ ಈ ಕಲೆಯ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಹದಿನೇಳನೆಯ ಶತಮಾನದ ಕೊನೆಗೆ ಆಮ್‌ಸ್ಟರ್‌ಡ್ಯಾಮಿನ ಪೆಟ್ರೊನೆಲ್ಲಾ ಊರ್ಟ್‌ಮನ್ ಎಂಬ ಸಿರಿವಂತ ಗೃಹಿಣಿ ಮಾಡಿಸಿದ ಗೊಂಬೆಮನೆ ಇಂದು ಅಲ್ಲಿನ ರೈಕ್ಸ್ ಮ್ಯೂಸಿಯಮ್ಮಿನಲ್ಲಿದೆ. ಅದಕ್ಕೆ ಆಕೆ ಸುರಿದ ಹಣದಲ್ಲಿ ಕಾಲುವೆಯ ದಂಡೆಯ ಮೇಲೆ ನಿಜವಾದ ಮನೆಯನ್ನೇ ಕೊಳ್ಳಬಹುದಿತ್ತು. ನವದೆಹಲಿಯನ್ನು ರೂಪಿಸಿದ ಎಡ್ವಿನ್ ಲಟ್ಯನ್ಸ್ ಅವರೇ 1921ರಿಂದ 1924ರ ನಡುವೆ ಇಂಗ್ಲೆಂಡಿನ ರಾಣಿ ಮೇರಿಗಾಗಿ ಒಂದು ಗೊಂಬೆಮನೆಯನ್ನು ವಿನ್ಯಾಸ ಮಾಡಿದರು. ವಿಂಡ್ಸರ್ ಅರಮನೆಯಲ್ಲಿರುವ ಅದರ ನಲ್ಲಿಗಳಲ್ಲಿ ನೀರು ಬರುವಂತೆ ವ್ಯವಸ್ಥೆ ಮಾಡಲಾಗಿತ್ತು. ಷಿಕಾಗೋದ ಕಲಾ ಸಂಸ್ಥೆಯಲ್ಲಿ ಥಾರ್ನ್ ಕೋಣೆಗಳೆಂದು ಹೆಸರಾದ 68 ಪುಟಾಣಿ ಕೋಣೆಗಳಿವೆ. ಇವು ಯಾವುವೂ ಮಕ್ಕಳು ಬಿಸಾಡಿ ಆಡಲೆಂದು ಮಾಡಿದವಲ್ಲ. ಲಟ್ಯನ್ಸರ ಮನೆ, ಥಾರ್ನ್ ಕೋಣೆಗಳು ಮತ್ತು ಇಂದಿನ ಹೆಚ್ಚಿನ ಸಂಗ್ರಾಹಕರ ಗೊಂಬೆಮನೆಗಳು ಅನುಸರಿಸುವ ಅಳತೆ ಒಂದಕ್ಕೆ ಹನ್ನೆರಡು, ಅಂದರೆ ಒಂದು ಅಡಿಗೆ ಒಂದು ಅಂಗುಲ.

ಆ ಅಳತೆಯ ಮಾತನ್ನು ಇಲ್ಲಿಯೇ ಮುಗಿಸುತ್ತೇನೆ, ಏಕೆಂದರೆ ನಿಮ್ಮ ಸೆಟ್ಟಿನ ದೊಡ್ಡ ದೋಷ ಇದರಲ್ಲೇ ಇದೆ. ನಮ್ಮ ಬೊಂಬೆ ಹಬ್ಬದ ಮೆಟ್ಟಿಲುಗಳ ಮೇಲೆ ಅಳತೆಗೆ ಬೆಲೆಯಿಲ್ಲ. ಮೊಳದುದ್ದದ ಪಟ್ಟದ ಗೊಂಬೆಯ ಕೆಳಗೆ ಗೇಣುದ್ದದ ಶೆಟ್ಟರು ಅಂಗಡಿ ಹಾಕಿಕೊಂಡು ಕೂತಿರುತ್ತಾರೆ, ಅವರ ಪಕ್ಕದಲ್ಲಿ ಶೆಟ್ಟರಿಗಿಂತ ದೊಡ್ಡ ಮಾವಿನಹಣ್ಣು ಇರುತ್ತದೆ, ಯಾರಿಗೂ ಅದು ಕೊರತೆ ಎನಿಸುವುದಿಲ್ಲ. ಅಲ್ಲಿಯ ಸೊಗಸೇ ಬೇರೆ. ಆದರೆ ಸಂಗ್ರಾಹಕರು ಸ್ಕೇಲು ಹಿಡಿದು ನೋಡುವವರು. ಹದಿನೆಂಟು ಅಂಗುಲ ಅಗಲದ ಒರಳು ಒಂದೂವರೆ ಅಂಗುಲವಿರಬೇಕು, ನಾಲ್ಕಂಗುಲದ ತಂಬಿಗೆ ಅಂಗುಲದ ಮೂರನೇ ಒಂದು ಭಾಗ ಇರಬೇಕು. ನಿಮ್ಮ ಒರಳು ಸರಿಯಾಗಿದೆ. ಆದರೆ ಹಂಡೆಯನ್ನು ಆ ಒರಳಿನ ಪಕ್ಕದಲ್ಲಿಟ್ಟರೆ ಅದು ಬಿಂದಿಗೆಯಷ್ಟೇ ಇದೆ. ಕುಡಿಕೆಯಲ್ಲಿ ನಿಜವಾದ ರಾಗಿ ತುಂಬಿದ್ದೀರಿ. ಒಂದೂವರೆ ಮಿಲಿಮೀಟರಿನ ರಾಗಿ ಕಾಳನ್ನು ಹನ್ನೆರಡು ಪಟ್ಟು ಹಿಗ್ಗಿಸಿ ನೋಡಿ, ಅದು ಸುಲಿದ ಅಡಿಕೆಯ ಗಾತ್ರಕ್ಕೆ ಹತ್ತಿರವಾಗುತ್ತದೆ. ಅದಕ್ಕೇ ನಿಮ್ಮ ಕುಡಿಕೆ ಕಣ್ಣಿಗೆ ಎಲ್ಲೋ ತಪ್ಪಿದಂತೆ ಕಾಣುವುದು. ಅದೇ ರಾಗಿಗೋ ಸಾಸಿವೆಗೋ ಬಣ್ಣ ಕೊಟ್ಟು ಅಂಗಳದಲ್ಲಿ ಒಣಹಾಕಿದ ಅಡಿಕೆ ಎಂದು ಹರಡಿದರೆ ಅಳತೆಗೆ ಸರಿಹೋಗುತ್ತದೆ, ಮಲೆನಾಡಿನ ಮನೆಗೆ ಅದು ಒಪ್ಪುತ್ತದೆ ಕೂಡ. ಆದರೆ ಕಾಳನ್ನು ಚೆನ್ನಾಗಿ ಹುರಿದು ವಾರ್ನಿಷ್ ಮಾಡಿರಬೇಕು, ಇಲ್ಲದಿದ್ದರೆ ಗಿರಾಕಿಯ ಕಪಾಟಿನಲ್ಲಿ ಹುಳ ಬೀಳುತ್ತದೆ.

ಈಗ ಹಣದ ವಿಷಯ. ನೀವು ಕೊಟ್ಟ ಅಂಕಿಗಳನ್ನೇ ಬರೆದುಕೊಂಡೆ. ಒಂದು ಸೆಟ್ಟಿಗೆ ಸಾಮಗ್ರಿ 180, ಪೆಟ್ಟಿಗೆ ಮತ್ತು ಪ್ಯಾಕಿಂಗ್ 70, ಕೊರಿಯರ್ 90 ರೂಪಾಯಿ. 1,200ರಲ್ಲಿ ಈ 340 ಕಳೆದರೆ 860 ಉಳಿಯುತ್ತದೆ. ‘ಎರಡು ದಿನದ ಕೆಲಸ’ ಎಂದಿರಿ, ಆದರೆ ಫೋಟೊ ತೆಗೆಯುವುದು, ‘ಬೆಲೆ ಎಷ್ಟು’ ಎಂದು ಕೇಳಿ ಸುಮ್ಮನಾಗುವವರಿಗೆಲ್ಲ ಉತ್ತರಿಸುವುದು, ಪೇಟೆಗೆ ಹೋಗಿ ಕೊರಿಯರ್ ಮಾಡಿ ಬರುವುದು ಇವನ್ನೂ ಸೇರಿಸಿ ಗಡಿಯಾರ ನೋಡಿ ಬರೆದಿಡಿ ಎಂದು ಕೇಳಿಕೊಂಡಾಗ ನೀವೇ ಕಳುಹಿಸಿದ ಲೆಕ್ಕ ಹದಿಮೂರು ಗಂಟೆ. ಅಲ್ಲಿಗೆ ಗಂಟೆಗೆ 66 ರೂಪಾಯಿ ಆಯಿತು. ಹತ್ತರಲ್ಲಿ ಒಂದು ಸೆಟ್ಟನ್ನು ಮತ್ತೆ ಮಾಡಿ ಕಳುಹಿಸಬೇಕಾಗುವುದನ್ನೂ ಹಿಡಿದರೆ ಹತ್ತು ಸೆಟ್ಟಿಗೆ 143 ಗಂಟೆಯ ದುಡಿಮೆ, 8,260 ರೂಪಾಯಿ ಉಳಿಕೆ, ಅಂದರೆ ಗಂಟೆಗೆ 58 ರೂಪಾಯಿ. ಇದರಲ್ಲಿ ಓವನ್ನಿನ ವಿದ್ಯುತ್ತೂ ಸವೆದ ಉಪಕರಣಗಳೂ ಸೇರಿಲ್ಲ. ಆರ್ಡರು ಕಡಿಮೆಯಾದದ್ದರಿಂದ ಹಣ ಉಳಿಯುತ್ತಿಲ್ಲ ಎಂದು ನೀವು ಭಾವಿಸಿದ್ದೀರಿ. ಈ ಬೆಲೆಗೆ ಆರ್ಡರು ಇಮ್ಮಡಿಯಾದರೆ ಇಮ್ಮಡಿಯಾಗುವುದು ನಿಮ್ಮ ಬೆನ್ನುನೋವು ಮಾತ್ರ.

‘ಮೊದಲು ಅಗ್ಗಕ್ಕೆ ಕೊಟ್ಟು ಹೆಸರು ಮಾಡೋಣ, ಆಮೇಲೆ ಏರಿಸೋಣ’ ಎಂಬ ಸಲಹೆಯನ್ನು ಯಾರೋ ಕೊಟ್ಟಿರಬೇಕು, ನನ್ನ ಬಳಿ ಬರುವವರಲ್ಲಿ ಬಹುಪಾಲು ಜನ ಅದನ್ನೇ ನಂಬಿ ಬಂದಿರುತ್ತಾರೆ. ಕಾರ್ಖಾನೆಯ ಸರಕಿಗೆ ಅದು ಸರಿಹೋಗಬಹುದು, ಏಕೆಂದರೆ ಅಲ್ಲಿ ಸಂಖ್ಯೆ ಏರಿದಂತೆ ಒಂದೊಂದರ ಖರ್ಚು ಇಳಿಯುತ್ತದೆ. ಕೈಕೆಲಸದಲ್ಲಿ ನೂರನೆಯ ಮೆಟ್ಟುಗತ್ತಿಗೂ ಮೊದಲನೆಯದಕ್ಕೆ ಹಿಡಿದಷ್ಟೇ ಹೊತ್ತು ಹಿಡಿಯುತ್ತದೆ. ಅಗ್ಗವೆಂದು ಬಂದ ಗಿರಾಕಿ ಬೆಲೆ ಏರಿಸಿದ ದಿನ ಹೊರಟುಹೋಗುತ್ತಾರೆ, ಹೋಗುವಾಗ ಮೊದಲು ಎಷ್ಟಿತ್ತೆಂಬುದನ್ನು ನಾಲ್ಕು ಜನರಿಗೆ ಹೇಳಿಯೂ ಹೋಗುತ್ತಾರೆ.

ಗಂಟೆಗೆ 150 ರೂಪಾಯಿ ಬೇಕೆಂದು ಇಟ್ಟುಕೊಳ್ಳಿ. ಮನೆಯಲ್ಲಿ ಕೂತು ಮಾಡುವ ನುರಿತ ಕೆಲಸಕ್ಕೆ ಅದು ದುರಾಸೆಯೇನಲ್ಲ. ಹದಿಮೂರು ಗಂಟೆಗೆ 1,950, ಖರ್ಚು 340, ಒಡೆತ ಮತ್ತು ಉಪಕರಣಗಳಿಗೆಂದು ಶೇಕಡಾ 10ರಷ್ಟು ಸೇರಿಸಿದರೆ ಸೆಟ್ಟು 2,500 ರೂಪಾಯಿಗೆ ಬರುತ್ತದೆ. ಈ ಅಂಕಿ ನೋಡಿ ನಿಮಗೆ ಎದೆ ಧಸಕ್ಕೆನ್ನಬಹುದು. ಇಲ್ಲಿ ನಿಮಗೆ ಎರಡು ದಾರಿಗಳಿವೆ, ಎರಡರಲ್ಲೂ ಒಂದೊಂದು ಅಪಾಯವಿದೆ. ಮೊದಲನೆಯದು ಗಂಟೆಯನ್ನು ಇಳಿಸುವುದು. ಒಂದೊಂದೇ ಸೆಟ್ಟನ್ನು ಪೂರ್ತಿ ಮಾಡುವ ಬದಲು ಸೋಮವಾರ ಇಪ್ಪತ್ತು ಒರಳು, ಮಂಗಳವಾರ ಇಪ್ಪತ್ತು ಗೆರಸೆ ಎಂದು ಸಾಲುಗಟ್ಟಿ ಮಾಡಿ. ನೀವೇ ಕೆತ್ತಿದ ಮೂಲಮಾದರಿಯಿಂದ ಸಿಲಿಕೋನ್ ಅಚ್ಚು ತೆಗೆದು ಒರಳು, ಬೀಸುಕಲ್ಲು, ಹಂಡೆಗಳನ್ನು ಎರಕ ಹೊಯ್ದು, ಬಣ್ಣ ಮತ್ತು ಸವೆತವನ್ನು ಮಾತ್ರ ಕೈಯಲ್ಲಿ ಕೊಟ್ಟರೆ ಹದಿಮೂರು ಗಂಟೆ ಏಳೆಂಟಕ್ಕೆ ಇಳಿದೀತು. ಆದರೆ ಅಂಥದ್ದನ್ನು ‘ಸ್ವಂತ ಮಾದರಿಯಿಂದ ಎರಕ ಹೊಯ್ದು ಕೈಯಲ್ಲಿ ಬಣ್ಣ ಹಾಕಿದ್ದು’ ಎಂದೇ ಬರೆದು ಮಾರಬೇಕು. ಸಂಗ್ರಾಹಕರ ವಲಯ ಚಿಕ್ಕದು, ಎರಕದ್ದನ್ನು ಪೂರ್ತಿ ಕೈಯಲ್ಲೇ ಮಾಡಿದ್ದೆಂದು ಮಾರಿ ಸಿಕ್ಕಿಬಿದ್ದರೆ ಆ ವಲಯದ ಬಾಗಿಲು ಮುಚ್ಚಿದಂತೆಯೇ. ಜೊತೆಗೆ, ಎರಕದ ರೆಸಿನ್ನನ್ನು ಬೆರೆಸುವಾಗ ನೈಟ್ರೈಲ್ ಕೈಗವಸು ಹಾಕಿಕೊಂಡು, ಕಿಟಕಿ ತೆರೆದು ಕೆಲಸ ಮಾಡಿ. ಅಂಥ ರೆಸಿನ್ನುಗಳಲ್ಲಿ ಒಂದಾದ ಎಪಾಕ್ಸಿ ಚರ್ಮಕ್ಕೆ ಮತ್ತೆ ಮತ್ತೆ ತಗುಲಿದರೆ ಬರುವ ಅಲರ್ಜಿ ಒಮ್ಮೆ ಬಂತೆಂದರೆ ಹೋಗುವುದು ಕಷ್ಟ. ಆ ಕಾರಣಕ್ಕೆ ಕಸುಬನ್ನೇ ಬಿಟ್ಟವರನ್ನು ನಾನು ಕಂಡಿದ್ದೇನೆ.

ಎರಡನೆಯ ದಾರಿ, ಎರಡು ಬಗೆಯ ಸರಕು ಇಟ್ಟುಕೊಳ್ಳುವುದು. ಬೊಂಬೆ ಹಬ್ಬಕ್ಕೆಂದು ಆರು ಸಾಮಾನುಗಳ ಎರಕದ ಸೆಟ್ಟು, ಅದರ ಬೆಲೆ ಸಾವಿರದೊಳಗೆ. ಸಂಗ್ರಾಹಕರಿಗೆಂದು ಅಳತೆ ತಪ್ಪದ, ತಳದಲ್ಲಿ ನಿಮ್ಮ ಗುರುತು ಮತ್ತು ವರ್ಷ ಕೊರೆದ ಬಿಡಿ ಸಾಮಾನುಗಳು. ನಿಮ್ಮ ಮೆಟ್ಟುಗತ್ತಿಯೊಂದನ್ನೇ 600 ರೂಪಾಯಿಗೆ ಕೊಳ್ಳುವವರು ಇದ್ದಾರೆ, ಆದರೆ ಅದನ್ನು ಇನ್ನು ಹನ್ನೊಂದರ ಜೊತೆ ಕಟ್ಟಿ 1,200ಕ್ಕೆ ಕೊಡುತ್ತಿರುವುದರಿಂದ ಅವರಿಗೆ ಅದರ ಬೆಲೆ ತಿಳಿದಿಲ್ಲ. ಇಲ್ಲಿಯ ಅಪಾಯವೆಂದರೆ ಬಿಡಿ ಸಾಮಾನಿಗೆ ಗಿರಾಕಿ ಸೇರಲು ವರ್ಷವಾದರೂ ಬೇಕು, ಅಲ್ಲಿಯವರೆಗೆ ಹಬ್ಬದ ಸೆಟ್ಟೇ ಮನೆ ನಡೆಸಬೇಕು. ನನ್ನನ್ನು ಕೇಳಿದರೆ ಇದೇ ನಿಮಗೆ ಸರಿಯಾದದ್ದು, ಏಕೆಂದರೆ ನಿಮ್ಮ ಕೈ ಈಗಾಗಲೇ ಎರಡನೆಯ ಗಿರಾಕಿಗೆ ಕೆಲಸ ಮಾಡುತ್ತಿದೆ.

ಹಬ್ಬದ ಒತ್ತಡಕ್ಕೂ ಇದರಲ್ಲೇ ಪರಿಹಾರವಿದೆ. ನವರಾತ್ರಿಗೆ ಹಿಂದಿನ ಹದಿನೈದು ದಿನ ಪಿತೃಪಕ್ಷ, ಆಗ ಹೊಸ ವಸ್ತು ಕೊಳ್ಳಲು ಅನೇಕ ಮನೆಗಳಲ್ಲಿ ಹಿಂಜರಿಯುತ್ತಾರೆ. ಹೀಗಾಗಿ ನಿಮ್ಮ ಮಾರಾಟ ಒಂದೋ ಗಣೇಶನ ಹಬ್ಬದ ಹೊತ್ತಿಗೆ ಮುಗಿಯಬೇಕು, ಇಲ್ಲವೇ ಮಹಾಲಯ ಅಮಾವಾಸ್ಯೆಯ ಆಸುಪಾಸಿನಲ್ಲಿ ‘ನಾಳೆಯೇ ಬೇಕು’ ಎಂಬವರ ಕೈಗೆ ಸಿಕ್ಕಿ ನಲುಗಬೇಕು. ಎರಕದ ಸೆಟ್ಟುಗಳನ್ನು ಬೇಸಿಗೆಯಲ್ಲೇ ಮಾಡಿ ಸಂಗ್ರಹಿಸಿಕೊಳ್ಳಿ, ಗಣೇಶ ಚತುರ್ಥಿಯ ದಿನ ಹಬ್ಬದ ಆರ್ಡರನ್ನು ಮುಚ್ಚಿ, ಎಷ್ಟು ಸೆಟ್ಟು ಇವೆಯೋ ಅಷ್ಟನ್ನೇ ಮಾರಿ. ಗಿರಾಕಿಗಳು ಬೇಸರ ಮಾಡಿಕೊಳ್ಳುತ್ತಾರೆ ಎಂಬ ಭಯ ಸಹಜ. ಆದರೆ ಈ ವರ್ಷ ಸಿಗದವರು ಮುಂದಿನ ವರ್ಷ ಆಷಾಢದಲ್ಲೇ ಕೇಳುವುದನ್ನು ನಾನು ಬೇಕಾದಷ್ಟು ಕಡೆ ನೋಡಿದ್ದೇನೆ.

ಒಡೆಯುವುದಕ್ಕೆ ನೀವು ಕೊರಿಯರಿನವರನ್ನು ದೂರಿದ್ದೀರಿ. ಸ್ವಲ್ಪ ಮಟ್ಟಿಗೆ ಅದು ನಿಜವಿರಬಹುದು, ಆದರೆ ಮುರಿದ ಒರಳಿನ ಫೋಟೊದಲ್ಲಿ ಒಳಭಾಗ ಪುಡಿಪುಡಿಯಾಗಿರುವುದು ಕಾಣುತ್ತದೆ. ಅದು ಸರಿಯಾಗಿ ಬೇಯದ ಪಾಲಿಮರ್ ಕ್ಲೇಯ ಲಕ್ಷಣ. ಪಾಲಿಮರ್ ಕ್ಲೇ ಹೆಸರಿಗೆ ಮಣ್ಣು, ವಾಸ್ತವದಲ್ಲಿ ಪಿವಿಸಿ ಪ್ಲಾಸ್ಟಿಕ್. ಸಾಮಾನ್ಯವಾಗಿ 110ರಿಂದ 130 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಪೊಟ್ಟಣದ ಮೇಲೆ ಹೇಳಿದಷ್ಟು ಹೊತ್ತು ಇಟ್ಟಾಗ ಮಾತ್ರ ಅದರ ಕಣಗಳು ಒಂದಕ್ಕೊಂದು ಬೆಸೆದು ಗಟ್ಟಿಯಾಗುತ್ತವೆ. ಮನೆಯ ಓಟಿಜಿಯ (ಚಿಕ್ಕ ವಿದ್ಯುತ್ ಓವನ್ನಿನ) ಗುಂಡಿ 130 ಎಂದರೂ ಒಳಗೆ 105 ಇರಬಹುದು, 150 ಕೂಡ ಇರಬಹುದು. ಕೆಲವು ನೂರು ರೂಪಾಯಿಗೆ ಸಿಗುವ ಓವನ್ ಥರ್ಮಾಮೀಟರನ್ನು ಒಳಗಿಟ್ಟು ನೋಡಿ. ಒರಳಿನಂಥ ದಪ್ಪ ವಸ್ತುವಿಗೆ ಒಳಗೆ ಅಲ್ಯೂಮಿನಿಯಂ ಹಾಳೆಯ ಉಂಡೆಯಿಟ್ಟು ಮೇಲೆ ಕ್ಲೇ ಹೊದಿಸಿದರೆ ಎಲ್ಲ ಕಡೆ ಸಮವಾಗಿ ಬೇಯುತ್ತದೆ, ಕ್ಲೇಯೂ ಉಳಿಯುತ್ತದೆ. ಶಾಖ ಅತಿಯಾಗಿ ಕಪ್ಪಾಗಿ ಸುಟ್ಟರೆ ಮಾತ್ರ ಓವನ್ ಆರಿಸಿ, ಕಿಟಕಿ ತೆರೆದು ಹೊರಗೆ ಬನ್ನಿ, ಆಗ ಬರುವ ಹೈಡ್ರೋಜನ್ ಕ್ಲೋರೈಡ್ ಹೊಗೆ ಶ್ವಾಸಕ್ಕೆ ಕೆಟ್ಟದ್ದು. ಊಟದ ಅಡುಗೆಗೂ ಅದೇ ಓವನ್ ಬಳಸುತ್ತಿದ್ದೀರಾದರೆ ಈ ಕೆಲಸಕ್ಕೆ ಬೇರೆಯದೊಂದನ್ನು ಇಟ್ಟುಕೊಳ್ಳುವುದು ಒಳ್ಳೆಯದು.

ಕಡೆಗೋಲಿನಂಥ ತೆಳು ವಸ್ತುಗಳೊಳಗೆ ತಂತಿ ಸೇರಿಸಿ. ಮರಕ್ಕೆ ಮರ ಅಂಟಿಸಲು ಬಿಳಿಯ ಫೆವಿಕಾಲ್ ಸರಿ, ಆದರೆ ಬೆಂದ ಕ್ಲೇಯ ನುಣುಪಿನ ಮೇಲೆ ಅದು ನಿಲ್ಲುವುದಿಲ್ಲ. ಕ್ಷಣದಲ್ಲಿ ಅಂಟುವ ಗೋಂದು ದಿನ ಕಳೆದಂತೆ ಪೆಡಸಾಗಿ ಬಿಡುತ್ತದೆ, ಸುತ್ತ ಬಿಳಿಯ ಮಂಜನ್ನೂ ಬಿಡುತ್ತದೆ. ಅಲ್ಲಿಗೆ ಎರಡು ಟ್ಯೂಬಿನ ಎಪಾಕ್ಸಿಯೇ ಬೇಕು. ಸಾಗರದ ಮಳೆಗಾಲದಲ್ಲಿ ಬಿದಿರಿಗೆ ಬೂಸ್ಟು ಹಿಡಿಯುವುದು ನಿಮಗೆ ನಾನು ಹೇಳಬೇಕಾದ ವಿಷಯವಲ್ಲ, ಗೆರಸೆಗಳನ್ನು ಬೇಸಿಗೆಯಲ್ಲೇ ಹೆಣೆದು ಮುಗಿಸಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಡಬ್ಬದಲ್ಲಿಡಿ. ಪ್ಯಾಕಿಂಗಿನಲ್ಲಿ ಪ್ರತಿ ಸಾಮಾನೂ ಫೋಮಿನಲ್ಲಿ ಕೊರೆದ ತನ್ನದೇ ಗುಳಿಯಲ್ಲಿ ಅಲುಗದೆ ಕೂರಬೇಕು, ಆ ಪೆಟ್ಟಿಗೆ ಇನ್ನೊಂದು ಪೆಟ್ಟಿಗೆಯೊಳಗೆ ಇರಬೇಕು. ಹಾಗೆ ಕಟ್ಟಿದ ಒಂದನ್ನು ನೀವೇ ನಾಲ್ಕಡಿ ಎತ್ತರದಿಂದ ಆರೂ ಮುಖಗಳ ಮೇಲೆ ಬೀಳಿಸಿ, ತೆರೆದು ನೋಡಿ. ಮನಸ್ಸಿಗೆ ಕಷ್ಟವಾಗುವ ಪರೀಕ್ಷೆ, ಆದರೆ ಇದರಷ್ಟು ಅಗ್ಗದ್ದು ಬೇರೆಯಿಲ್ಲ.

ಈಗ ನಿಮ್ಮನ್ನು ಹೆದರಿಸಿದ ಎರಡು ಮಾತುಗಳು. ಐಎಸ್‌ಐ ಬಗ್ಗೆ ಕೇಳಿದ್ದು ಸುಳ್ಳಲ್ಲ. ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ 2020ರಲ್ಲಿ ಹೊರಟು 2021ರ ಜನವರಿ 1ರಿಂದ ಜಾರಿಯಲ್ಲಿದೆ. ಹದಿನಾಲ್ಕು ವರ್ಷದೊಳಗಿನ ಮಕ್ಕಳು ಆಡಲೆಂದು ಮಾಡಿದ ವಸ್ತುಗಳಿಗೆ ಐಎಸ್‌ಐ ಗುರುತು ಕೊಡುವ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಸಂಸ್ಥೆಯ ಪರವಾನಗಿ ಮತ್ತು ಗುರುತು ಕಡ್ಡಾಯ. ಈ ಆದೇಶಕ್ಕೆ ಎರಡು ಮುಖ್ಯ ವಿನಾಯಿತಿಗಳಿವೆ. ಕೇಂದ್ರ ಜವಳಿ ಸಚಿವಾಲಯದಡಿಯ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ವಸ್ತುಗಳು ಒಂದು, ಚನ್ನಪಟ್ಟಣದ ಗೊಂಬೆಯಂತೆ ಭೌಗೋಳಿಕ ಸೂಚಿಕೆ (ಇಂಥ ಊರಿನದೇ ಎಂಬ ಅಧಿಕೃತ ಮಾನ್ಯತೆ) ಪಡೆದ ವಸ್ತುಗಳನ್ನು ಅದರ ಅಧಿಕೃತ ಬಳಕೆದಾರರು ಮಾರುವುದು ಇನ್ನೊಂದು. ಇವುಗಳ ಹೊರತಾಗಿ, ದೊಡ್ಡವರ ಸಂಗ್ರಹಕ್ಕೆಂದೇ ಮಾಡಿದ ಅಲಂಕಾರದ ಗೊಂಬೆಗಳೂ ಅಳತೆಯ ಮಾದರಿಗಳೂ ಆಟಿಕೆಯ ವ್ಯಾಖ್ಯೆಯೊಳಗೇ ಬರುವುದಿಲ್ಲ. ಹಾಗಾದರೆ ನೀವು ನಿಶ್ಚಿಂತರೇ? ಸದ್ಯಕ್ಕೆ ಅಲ್ಲ. ನಿಮ್ಮ ಪುಟದಲ್ಲಿ ‘ಮಕ್ಕಳಿಗೂ ಆಡಲು ಬಲು ಚೆಂದ’ ಎಂದು ನೀವೇ ಬರೆದಿದ್ದೀರಿ, ಅಳತೆ ತೋರಿಸಲು ನಿಮ್ಮ ಪುಟ್ಟ ಮಗಳ ಅಂಗೈ ಮೇಲೆ ಒರಳಿಟ್ಟು ಫೋಟೊ ತೆಗೆದಿದ್ದೀರಿ. ಆ ಒಂದು ಸಾಲು ಮತ್ತು ಆ ಒಂದು ಫೋಟೊ ನಿಮ್ಮ ವಸ್ತುವನ್ನು ಕಾನೂನಿನ ಕಣ್ಣಿಗೆ ಆಟಿಕೆ ಮಾಡುತ್ತವೆ. ಕಾನೂನಿಗಿಂತ ದೊಡ್ಡ ಮಾತೊಂದಿದೆ: ಮೂರು ವರ್ಷದೊಳಗಿನ ಮಕ್ಕಳ ಗಂಟಲಿಗೆ ಸಿಕ್ಕೀತೇ ಎಂದು ಪರೀಕ್ಷಿಸುವ ಕೊಳವೆಯ ಒಳವ್ಯಾಸ 31.7 ಮಿಲಿಮೀಟರು, ನಿಮ್ಮ ಒರಳು ಮತ್ತು ಒಲೆ ಬಿಟ್ಟರೆ ಉಳಿದ ಹೆಚ್ಚಿನವು ಅದರೊಳಗೆ ಸಲೀಸಾಗಿ ಇಳಿಯುತ್ತವೆ.

ಆದ್ದರಿಂದ ಆ ಸಾಲನ್ನು ತೆಗೆಯಿರಿ, ಮಗಳ ಅಂಗೈಯ ಬದಲು ಐದು ರೂಪಾಯಿ ನಾಣ್ಯ ಇಡಿ, ಪೆಟ್ಟಿಗೆಯ ಮೇಲೂ ಪುಟದ ಮೇಲೂ ‘14 ವರ್ಷ ಮೇಲ್ಪಟ್ಟ ಸಂಗ್ರಾಹಕರಿಗೆ, ಆಟಿಕೆಯಲ್ಲ, ಸಣ್ಣ ಭಾಗಗಳಿವೆ’ ಎಂದು ಸ್ಪಷ್ಟವಾಗಿ ಬರೆಯಿರಿ. ಚೀಟಿಯೊಂದೇ ಕಾಪಾಡದು, ನೋಡಿದವರಿಗೆ ಆಟದ ಸಾಮಾನೆಂದೇ ಅನ್ನಿಸುವ ಬಣ್ಣಬಣ್ಣದ ಪ್ಲಾಸ್ಟಿಕ್ ಸೆಟ್ಟಿಗೆ ಅಂಥ ಚೀಟಿ ಅಂಟಿಸಿದರೆ ಅಧಿಕಾರಿಗಳು ಒಪ್ಪುವುದಿಲ್ಲ. ವಸ್ತು, ಬೆಲೆ, ಫೋಟೊ, ಮಾತು ಎಲ್ಲವೂ ಒಂದೇ ಕಡೆ ಬೊಟ್ಟು ಮಾಡಬೇಕು. ಕರಕುಶಲ ಆಯುಕ್ತರ ಗುರುತಿನ ಚೀಟಿಗೂ ಅರ್ಜಿ ಹಾಕಿ, ನಿಮ್ಮ ಮರ ಮತ್ತು ಬಿದಿರಿನ ಕೆಲಸ ಅವರ ಪಟ್ಟಿಯಲ್ಲಿ ಯಾವ ಹೆಸರಿನಡಿ ಬರುತ್ತದೆಂದು ಸೇವಾ ಕೇಂದ್ರದಲ್ಲೇ ಕೇಳಿ.

ನಿಮ್ಮ ಭಾವ ಹೇಳಿದ್ದು ಅರ್ಧ ಸರಿ. ಬೇರೆ ರಾಜ್ಯಕ್ಕೆ ಸರಕು ಮಾರುವವರಿಗೆ ವಹಿವಾಟು ಎಷ್ಟೇ ಇದ್ದರೂ ಜಿಎಸ್‌ಟಿ ನೋಂದಣಿ ಬೇಕೆಂಬುದು ಸಾಮಾನ್ಯ ನಿಯಮ. ಆದರೆ ಅಧಿಸೂಚಿತ ಕರಕುಶಲ ವಸ್ತುಗಳಿಗೆ ಅದರಿಂದ ವಿನಾಯಿತಿ ಇದೆ. ದೇಶದೆಲ್ಲೆಡೆಯ ಒಟ್ಟು ವಹಿವಾಟು ವರ್ಷಕ್ಕೆ 20 ಲಕ್ಷ ಮೀರದಿದ್ದರೆ, ಪ್ಯಾನ್ ಇದ್ದರೆ ಮತ್ತು ಹೊರರಾಜ್ಯಕ್ಕೆ ಕಳುಹಿಸುವಾಗ ಇ-ವೇ ಬಿಲ್ (ಸರಕು ಸಾಗಣೆಯ ಆನ್‌ಲೈನ್ ಚೀಟಿ) ಮಾಡಿದರೆ ನೋಂದಣಿಯಿಲ್ಲದೆ ಮಾರಬಹುದು. ಇದರಲ್ಲಿ ಎರಡು ತೊಡಕುಗಳಿವೆ, ಅವನ್ನು ಯಾರೂ ಹೇಳುವುದಿಲ್ಲ. ಪಟ್ಟಿಯಲ್ಲಿ ಮರ, ಲೋಹ, ಬಟ್ಟೆಯ ಗೊಂಬೆ ಮತ್ತು ಆಟಿಕೆಗಳಿವೆ, ಪಾಲಿಮರ್ ಕ್ಲೇ ಪ್ಲಾಸ್ಟಿಕ್ಕಾದ್ದರಿಂದ ಅದರ ಸಾಮಾನು ಈ ಪಟ್ಟಿಗೆ ಸೇರುತ್ತದೆಂದು ಧೈರ್ಯವಾಗಿ ಹೇಳಲಾಗದು. ಇನ್ನೊಂದು, ಈ ವಿನಾಯಿತಿ ನೀವು ನೇರವಾಗಿ ಮಾರುವಾಗಿನ ಮಾತು. ದೊಡ್ಡ ಆನ್‌ಲೈನ್ ಮಾರುಕಟ್ಟೆಗಳ ಮೂಲಕವಾದರೆ 2023ರ ಅಕ್ಟೋಬರ್ 1ರಿಂದ ನೋಂದಣಿಯಿಲ್ಲದ ಸಣ್ಣವರಿಗೂ ಅವಕಾಶ ಸಿಕ್ಕಿದೆಯಾದರೂ ಅದು ಸ್ವಂತ ರಾಜ್ಯದೊಳಗಿನ ಮಾರಾಟಕ್ಕೆ ಮಾತ್ರ. ಹಾಗಾಗಿ ಈ ವರ್ಷ ಹೊರರಾಜ್ಯದ ಆರ್ಡರು ಬೆರಳೆಣಿಕೆಯಷ್ಟಿದ್ದರೆ ಮರ, ಬಿದಿರಿನವನ್ನು ಮಾತ್ರ ಕಳುಹಿಸಿ. ಹೆಚ್ಚುವ ಲಕ್ಷಣ ಕಂಡರೆ ನೋಂದಣಿ ಮಾಡಿಸಿಬಿಡಿ, ಅದಕ್ಕೆ ಸರ್ಕಾರದ ಶುಲ್ಕವಿಲ್ಲ, ತಿಂಗಳು ಅಥವಾ ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವ ಶಿಸ್ತು ಮಾತ್ರ ಬೇಕು. ನಿಮ್ಮ ಸರಕಿನ ಪಟ್ಟಿ ಹಿಡಿದು ಸಾಗರದಲ್ಲೇ ಯಾರಾದರೂ ತೆರಿಗೆ ಸಲಹೆಗಾರರ ಬಳಿ ಒಂದು ಗಂಟೆ ಕೂತರೆ ಭಾವನವರ ಭಯವೂ ಕಳೆಯುತ್ತದೆ. ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿಯನ್ನೂ ಮಾಡಿಸಿ, ಅದು ಸರ್ಕಾರದ ಜಾಲತಾಣದಲ್ಲಿ ಪೂರ್ತಿ ಉಚಿತ. ಹಣ ಕೇಳುವ ತಾಣಗಳು ಬೇರೆಯವರವು.

ನಕಲಿನ ವಿಷಯದಲ್ಲಿ ನಿಮಗೆ ಸಿಟ್ಟು ಬಂದಿರುವುದು ನ್ಯಾಯವೇ, ಆದರೆ ಕೈಗೆ ಸಿಗುವ ಅಸ್ತ್ರಗಳು ಕಡಿಮೆ. ಒರಳಿನ ಆಕಾರ ನಮ್ಮ ಅಜ್ಜಿಯಂದಿರದ್ದು, ಅದನ್ನು ಯಾರೂ ತಮ್ಮದೆನ್ನಲಾಗದು. ವಿನ್ಯಾಸ ಕಾಯಿದೆಯಡಿ ನೋಂದಣಿ ಮಾಡಿಸಬೇಕಾದರೆ ವಿನ್ಯಾಸ ಹೊಸದಾಗಿರಬೇಕು, ಅರ್ಜಿಗೆ ಮುಂಚೆ ಎಲ್ಲೂ ಪ್ರಕಟವಾಗಿರಬಾರದು. ಇನ್‌ಸ್ಟಾಗ್ರಾಂನಲ್ಲಿ ಹಾಕಿದ ದಿನವೇ ಆ ದಾರಿ ಮುಚ್ಚಿತು. ಆದರೆ ಫೋಟೊ ನಿಮ್ಮದು, ಅದರ ಕೃತಿಸ್ವಾಮ್ಯಕ್ಕೆ ನೋಂದಣಿಯೂ ಬೇಕಿಲ್ಲ. ಮೂಲ ಫೋಟೊ ಮತ್ತು ತೆಗೆದ ದಿನಾಂಕದೊಂದಿಗೆ ಆ ಮಾರಾಟ ತಾಣಕ್ಕೆ ದೂರು ಕೊಟ್ಟರೆ ಸಾಮಾನ್ಯವಾಗಿ ಪುಟವನ್ನು ತೆಗೆಯುತ್ತಾರೆ. ನಿಮ್ಮ ಅಂಗಡಿಯ ಹೆಸರು ಮತ್ತು ಗುರುತನ್ನು ಟ್ರೇಡ್‌ಮಾರ್ಕ್ ಮಾಡಿಸಬಹುದು, ವ್ಯಕ್ತಿಗಳಿಗೆ ಆನ್‌ಲೈನ್ ಅರ್ಜಿಯ ಶುಲ್ಕ 4,500 ರೂಪಾಯಿ. ಬಿಡಿ ಸಾಮಾನಿನ ವ್ಯಾಪಾರ ಕುದುರಿದ ಮೇಲೆ ಅದನ್ನು ಮಾಡಿ, ಈಗಲೇ ಅವಸರವಿಲ್ಲ. 99 ರೂಪಾಯಿಯ ಒರಳು ಆಟದ ಸಾಮಾನಿನ ಪೇಟೆಯದ್ದು, ನೀವು ಆ ಪೇಟೆಯಿಂದ ಎದ್ದು ಬಂದರೆ ಅದರ ಜೊತೆ ಪೈಪೋಟಿಯೇ ಇರುವುದಿಲ್ಲ.

ಅಮೆರಿಕದಲ್ಲಿ ಹತ್ತು ಪಟ್ಟು ಬೆಲೆ ಸಿಗುತ್ತದೆಂಬುದು ಕಟ್ಟುಕಥೆ. ಅಳತೆ ತಪ್ಪದ, ಸಹಿ ಇರುವ ವಸ್ತುವಿಗೆ ಅಲ್ಲಿ ಒಳ್ಳೆಯ ಬೆಲೆ ಇರುವುದು ನಿಜ, ಆದರೆ ಅದು ಪರಿಚಯ ಬೆಳೆದವರಿಗೆ. 800 ಡಾಲರಿನೊಳಗಿನ ಪೊಟ್ಟಣಕ್ಕೆ ಅಲ್ಲಿ ಮೊದಲು ಸುಂಕವಿರಲಿಲ್ಲ, 2025ರ ಆಗಸ್ಟ್ 29ರಿಂದ ಆ ವಿನಾಯಿತಿ ನಿಂತಿದೆ. ಆ ಹೊತ್ತಿಗೆ ನಮ್ಮ ಅಂಚೆ ಇಲಾಖೆಯೂ ಅಲ್ಲಿಗೆ ಪಾರ್ಸೆಲ್ ಸೇವೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿ ಅಕ್ಟೋಬರಿನಲ್ಲಿ ಮತ್ತೆ ತೆರೆಯಿತು. ಸುಂಕದ ದರ ಬದಲಾಗುತ್ತಲೇ ಇರುವುದರಿಂದ ಕಳುಹಿಸುವ ವಾರದಲ್ಲೇ ಅಂಚೆ ಕಚೇರಿಯಲ್ಲಿ ವಿಚಾರಿಸಿ, ಸುಂಕ ಯಾರು ತೆರಬೇಕೆಂಬುದನ್ನು ಗಿರಾಕಿಗೆ ಬರಹದಲ್ಲಿ ತಿಳಿಸಿ. ರಫ್ತಿಗೆ ಐಇಸಿ (ಆಮದು-ರಫ್ತು ಸಂಕೇತ) ಸಂಖ್ಯೆ ಬೇಕು, ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ತಾಣದಲ್ಲಿ 500 ರೂಪಾಯಿ ಶುಲ್ಕಕ್ಕೆ ಸಿಗುತ್ತದೆ. ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರಗಳು ಸಣ್ಣವರ ರಫ್ತಿನ ಕಾಗದಪತ್ರಕ್ಕೆಂದೇ ಇವೆ. ಮುಂದೆ ಯೂರೋಪಿನಿಂದ ಯಾರಾದರೂ ಕೇಳಿದರೆ ಒಪ್ಪುವ ಮುಂಚೆ ಯೋಚಿಸಿ, 2024ರ ಡಿಸೆಂಬರ್ 13ರಿಂದ ಅಲ್ಲಿ ಮಾರುವ ವಸ್ತುವಿಗೆ ಯೂರೋಪಿಯನ್ ಒಕ್ಕೂಟದೊಳಗೇ ಒಬ್ಬ ಹೊಣೆಗಾರರು ಇರಬೇಕೆಂಬ ನಿಯಮ ಬಂದಿದೆ. ಆಸ್ಟ್ರೇಲಿಯಾಕ್ಕಂತೂ ಕಾಳು, ಹುಲ್ಲು, ತೊಗಟೆ ಸೇರಿದ ಯಾವುದನ್ನೂ ಕಳುಹಿಸಬೇಡಿ, ಅಲ್ಲಿಯ ತಪಾಸಣೆಯಲ್ಲಿ ನಿಮ್ಮ ರಾಗಿ ಕುಡಿಕೆ ದಾಟುವುದಿಲ್ಲ. ನಿಮ್ಮ ಇಬ್ಬರು ಗಿರಾಕಿಗಳಲ್ಲಿ ಯಾರಾದರೂ ಊರಿಗೆ ಬರುವವರಿದ್ದರೆ ಮೊದಲ ಸೆಟ್ಟನ್ನು ಅವರ ಕೈಯಲ್ಲೇ ಕೊಡಿ. ಒಯ್ದವರು ಅಳತೆಯ ಬಗ್ಗೆ ಏನು ಹೇಳುತ್ತಾರೆಂಬುದನ್ನು ಕೇಳಿದ ಮೇಲೆ ಐಇಸಿ ಮಾಡಿಸಿದರೂ ತಡವಾಗುವುದಿಲ್ಲ.

ಇನ್ನು ಬೆಂಗಳೂರಿನವರ ಒರಳು. ‘ಹಣ ಹಿಂತಿರುಗಿಸುವುದಿಲ್ಲ’ ಎಂಬ ನಿಮ್ಮ ಸಾಲು ಮನಸ್ಸು ಬದಲಾಯಿಸಿದವರಿಗೆ ಅನ್ವಯಿಸಬಹುದು, ಒಡೆದ ವಸ್ತು ತಲುಪಿದವರಿಗೆ ಅನ್ವಯಿಸುವುದಿಲ್ಲ. ಗ್ರಾಹಕ ಸಂರಕ್ಷಣೆಯ 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ದೋಷವಿರುವ ಸರಕನ್ನು ವಾಪಸ್ ಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ. ಅದಕ್ಕೂ ಮಿಗಿಲಾಗಿ, ಆ ಒರಳು ಒಡೆದದ್ದು ನಿಮ್ಮ ಓವನ್ನಿನ ಕಾರಣಕ್ಕೆ. ಅವರಿಗೆ ಇಂದೇ ಬರೆಯಿರಿ: ಹಣ ಬೇಕೋ, ಹೊಸ ಒರಳು ಬೇಕೋ ಎಂಬುದನ್ನು ಅವರೇ ಆರಿಸಲಿ. ಒಡೆದದ್ದನ್ನು ವಾಪಸ್ ತರಿಸಿಕೊಳ್ಳಬೇಡಿ, ಪೆಟ್ಟಿಗೆಯನ್ನು ತೆರೆದಾಗ ಯಾವ ಮೂಲೆ ಜಜ್ಜಿತ್ತೆಂಬ ಫೋಟೊ ಇದ್ದರೆ ಕಳುಹಿಸಲು ಕೇಳಿ. ಹೊಸ ಒರಳನ್ನು ಥರ್ಮಾಮೀಟರು ಬಂದ ಮೇಲೆ ಬೇಯಿಸಿ.